ಸೆಕೆಂಡಿನ ಹೊಸ ವ್ಯಾಖ್ಯೆಗೆ ಕ್ವಾಸಾರ್ ಸಾಕ್ಷಿ: ದೂರದ ಗಡಿಯಾರಗಳನ್ನು ತಾಳೆ ನೋಡುವ ರೇಡಿಯೊ ದಾರಿ, ಭಾರತಕ್ಕೇನು ಲಾಭ?

ಒಂದು ಸೆಕೆಂಡ್ ಎಂದರೆ ಎಷ್ಟು? 1967ರಿಂದ ಇಡೀ ಜಗತ್ತು ಒಪ್ಪಿಕೊಂಡಿರುವ ಉತ್ತರ ಒಂದೇ. ಸೀಸಿಯಂ-133 ಪರಮಾಣುವಿನ ನಿರ್ದಿಷ್ಟ ವಿಕಿರಣವು 919,26,31,770 ಬಾರಿ ಕಂಪಿಸಲು ಬೇಕಾದ ಕಾಲವೇ ಒಂದು ಸೆಕೆಂಡ್. ಆದರೆ ಈ ಉತ್ತರ ಇನ್ನು ಹೆಚ್ಚು ವರ್ಷ ಉಳಿಯುವ ಲಕ್ಷಣ ಇಲ್ಲ. ಸೀಸಿಯಂಗಿಂತ ನೂರು ಪಟ್ಟು ನಿಖರವಾದ ಗಡಿಯಾರಗಳು ಪ್ರಯೋಗಾಲಯಗಳಲ್ಲಿ ಸಿದ್ಧವಾಗಿವೆ. ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಮಹಾಸಭೆ 2022ರಲ್ಲೇ ಇದಕ್ಕೆ ವೇಳಾಪಟ್ಟಿ ಹಾಕಿದೆ: 2026ರ ಸಭೆಗೆ ಪ್ರಸ್ತಾವ, 2030ರ ಸಭೆಯಲ್ಲಿ ಹೊಸ ವ್ಯಾಖ್ಯೆಗೆ ಒಪ್ಪಿಗೆ.

ಗಡಿಯಾರ ಸಿದ್ಧವಿದೆ, ವೇಳಾಪಟ್ಟಿಯೂ ಇದೆ. ಮತ್ತೆ ತಡೆ ಎಲ್ಲಿದೆ? ಗಡಿಯಾರದಲ್ಲಿ ಅಲ್ಲ, ಗಡಿಯಾರದಿಂದ ಗಡಿಯಾರಕ್ಕೆ ಹೋಗುವ ದಾರಿಯಲ್ಲಿ. ಟೋಕಿಯೊದ ಗಡಿಯಾರವೂ ಇಟಲಿಯ ಗಡಿಯಾರವೂ ಒಂದೇ ವೇಗದಲ್ಲಿ ಓಡುತ್ತಿವೆ ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಖಗೋಳ ವಿಜ್ಞಾನಿಗಳ ಉಪಕರಣವೊಂದು ಉತ್ತರ ಕೊಟ್ಟಿದೆ. ಆ ಉತ್ತರದಲ್ಲಿ ಭಾರತಕ್ಕೂ, ಬೆಂಗಳೂರು-ಪುಣೆಗೂ ಕೆಲಸ ಇದೆ.

ಸೇರಿಗೆ ಸೇರು ತಾಳೆ ನೋಡದೆ ನಂಬಿಕೆ ಇಲ್ಲ

ಹಿಂದೆ ಒಂದೊಂದು ಸೀಮೆಗೆ ಒಂದೊಂದು ಸೇರು, ಒಂದೊಂದು ಬಳ್ಳ ಇತ್ತು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವೇ ಎಂದು ತಿಳಿಯಬೇಕಾದರೆ ಎರಡನ್ನೂ ಒಂದೆಡೆ ತಂದು ಅಳೆದು ನೋಡಬೇಕಿತ್ತು. ಅಳತೆ ಎಷ್ಟೇ ಚೆನ್ನಾಗಿರಲಿ, ಹೋಲಿಸಿ ನೋಡದಿದ್ದರೆ ಅದು ಒಬ್ಬ ವ್ಯಾಪಾರಿಯ ಮಾತು ಮಾತ್ರ.

ಪರಮಾಣು ಗಡಿಯಾರಕ್ಕೂ ಇದೇ ನಿಯಮ. ಹೊಸ ತಲೆಮಾರಿನ ಗಡಿಯಾರಗಳನ್ನು ಆಪ್ಟಿಕಲ್ ಗಡಿಯಾರ ಎನ್ನುತ್ತಾರೆ. ಸೀಸಿಯಂ ಗಡಿಯಾರ ಎಣಿಸುವುದು ಸೂಕ್ಷ್ಮತರಂಗದ ಕಂಪನಗಳನ್ನು. ಆಪ್ಟಿಕಲ್ ಗಡಿಯಾರ ಎಣಿಸುವುದು ಬೆಳಕಿನ ಕಂಪನಗಳನ್ನು. ಸ್ಟ್ರಾನ್ಷಿಯಂ ಗಡಿಯಾರದ ಬೆಳಕು ಸೆಕೆಂಡಿಗೆ ಸುಮಾರು 429 ಲಕ್ಷ ಕೋಟಿ ಬಾರಿ ಕಂಪಿಸುತ್ತದೆ, ಸೀಸಿಯಂಗಿಂತ ಸುಮಾರು 46 ಸಾವಿರ ಪಟ್ಟು ಹೆಚ್ಚು. ಅಳತೆಪಟ್ಟಿಯಲ್ಲಿ ಗೆರೆಗಳು ಹತ್ತಿರ ಹತ್ತಿರ ಬಂದಷ್ಟೂ ಅಳತೆ ಸೂಕ್ಷ್ಮವಾಗುತ್ತದಲ್ಲವೇ? ಇಲ್ಲಿ ಆಗುವುದೂ ಅದೇ.

ಇಂದಿನ ಅತ್ಯುತ್ತಮ ಸೀಸಿಯಂ ಗಡಿಯಾರ ಸುಮಾರು 30 ಕೋಟಿ ವರ್ಷಕ್ಕೆ ಒಂದು ಸೆಕೆಂಡ್ ತಪ್ಪಬಹುದು. ಅತ್ಯುತ್ತಮ ಆಪ್ಟಿಕಲ್ ಗಡಿಯಾರ ಅಷ್ಟು ತಪ್ಪಲು 3,000 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಆದರೆ ಸೀಸಿಯಂ ಸೆಕೆಂಡನ್ನು ಕೆಳಗಿಳಿಸಿ ಸ್ಟ್ರಾನ್ಷಿಯಂ ಅಥವಾ ಯಿಟರ್ಬಿಯಂ ಸೆಕೆಂಡನ್ನು ಕೂರಿಸಬೇಕಾದರೆ ಬೇರೆ ಬೇರೆ ದೇಶಗಳ ಗಡಿಯಾರಗಳು ಒಂದನ್ನೊಂದು ಒಪ್ಪುತ್ತವೆ ಎಂಬ ಪುರಾವೆ ಬೇಕು. ಇವುಗಳಲ್ಲಿ ಹೆಚ್ಚಿನವು ಲೇಸರ್, ನಿರ್ವಾತ ಕೊಠಡಿ, ಕನ್ನಡಿಗಳಿಂದ ಕೋಣೆ ತುಂಬಿಕೊಂಡಿರುವ ಯಂತ್ರಗಳು. ಲಾರಿಗೆ ಹೇರಿ ಸಾಗಿಸುವ ಗಡಿಯಾರಗಳು ಬಂದಿವೆಯಾದರೂ ಖಂಡದಿಂದ ಖಂಡಕ್ಕೆ ಒಯ್ದು ತಾಳೆ ನೋಡುವುದು ನಿತ್ಯದ ಕೆಲಸವಾಗಿಲ್ಲ. ಹಾಗಾಗಿ ಗಡಿಯಾರವನ್ನು ಬಿಟ್ಟು ಅದರ ಮಿಡಿತವನ್ನಷ್ಟೇ ಸಾಗಿಸಬೇಕು.

ಇರುವ ಎರಡು ದಾರಿ, ಎರಡಕ್ಕೂ ಮಿತಿ

ಮೊದಲನೆಯದು ಉಪಗ್ರಹ. ಎರಡೂ ಊರಿನವರು ಜಿಪಿಎಸ್ ಸಂಕೇತವನ್ನು ತಮ್ಮ ಗಡಿಯಾರದೊಂದಿಗೆ ಹೋಲಿಸಿ, ಆಮೇಲೆ ಲೆಕ್ಕ ತಾಳೆ ಹಾಕುತ್ತಾರೆ. ಅಥವಾ ಸಂವಹನ ಉಪಗ್ರಹದ ಮೂಲಕ ಪರಸ್ಪರ ಸಂಕೇತ ಕಳಿಸಿಕೊಳ್ಳುತ್ತಾರೆ. ಜಗತ್ತಿನ ಅಧಿಕೃತ ಸಮಯ ನಡೆಯುತ್ತಿರುವುದೇ ಹೀಗೆ. ಸೀಸಿಯಂ ಕಾಲಕ್ಕೆ ಇದು ಸಾಕಿತ್ತು. ದಿನಗಟ್ಟಲೆ ಸರಾಸರಿ ತೆಗೆದರೂ ಈ ದಾರಿಯ ನಿಖರತೆ ಸೀಸಿಯಂ ಗಡಿಯಾರದ ಮಟ್ಟದ ಆಸುಪಾಸಿನಲ್ಲೇ ನಿಲ್ಲುತ್ತದೆ. ಚಿನ್ನ ತೂಗುವ ತಕ್ಕಡಿ ಇದ್ದರೂ ಅದನ್ನು ಸೌದೆ ಮಂಡಿಯ ತಕ್ಕಡಿಯಲ್ಲಿ ಪರೀಕ್ಷಿಸಿದ ಹಾಗೆ.

ಎರಡನೆಯದು ಆಪ್ಟಿಕಲ್ ಫೈಬರ್. ನಿಖರತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಪ್ಯಾರಿಸ್ ಮತ್ತು ಜರ್ಮನಿಯ ಬ್ರೌನ್‌ಶ್ವೈಗ್ ನಡುವೆ ಸುಮಾರು 1,400 ಕಿ.ಮೀ. ಫೈಬರ್ ಮೂಲಕ ಎರಡು ಸ್ಟ್ರಾನ್ಷಿಯಂ ಗಡಿಯಾರಗಳನ್ನು ಹೋಲಿಸಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆದರೆ ಈ ಕೆಲಸಕ್ಕೆ ಬೆಳಕು ಒಂದೇ ಎಳೆಯಲ್ಲಿ ಹೋಗಿ ಅದೇ ಎಳೆಯಲ್ಲಿ ವಾಪಸ್ ಬರಬೇಕು. ಆಗಲೇ ದಾರಿಯಲ್ಲಿ ಸೇರಿದ ಅಲುಗಾಟವನ್ನು ಅಳೆದು ಕಳೆಯಲು ಸಾಧ್ಯ. ದೂರಸಂಪರ್ಕ ಕಂಪನಿಗಳ ಮಾಮೂಲು ಸಂಕೇತವರ್ಧಕಗಳು ಬೆಳಕನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಇವುಗಳ ಜಾಗದಲ್ಲಿ ವಿಶೇಷ ಉಪಕರಣ ಕೂರಿಸಬೇಕು. ಭೂಮಿಯ ಮೇಲೆ ಇದು ಸಾಧ್ಯ, ಸಾಗರದ ತಳದಲ್ಲಿ ಸಾವಿರಾರು ಕಿ.ಮೀ. ಉದ್ದಕ್ಕೆ ಸುಲಭವಲ್ಲ.

ಹೀಗಾಗಿ ಯುರೋಪಿನೊಳಗೆ ಗಡಿಯಾರಗಳು ಪರಸ್ಪರ ಮಾತನಾಡುತ್ತಿವೆ. ಯುರೋಪ್ ಮತ್ತು ಏಷ್ಯಾ ನಡುವೆ ಮಾತು ಇನ್ನೂ ಅಸ್ಪಷ್ಟ.

ಮೂರನೇ ದಾರಿ: ದೇವಸ್ಥಾನದ ಗಂಟೆ ಮತ್ತು ಎರಡು ಮನೆ

ಇಲ್ಲಿ ಬರುತ್ತದೆ ವಿಎಲ್‌ಬಿಐ. ದೂರದೂರದ ರೇಡಿಯೊ ದೂರದರ್ಶಕಗಳು ಏಕಕಾಲಕ್ಕೆ ಒಂದೇ ಆಕಾಶಕಾಯವನ್ನು ನೋಡಿ, ದಾಖಲೆಗಳನ್ನು ನಂತರ ಜೋಡಿಸುವ ವಿಧಾನ ಇದು. 2019ರಲ್ಲಿ ಜಗತ್ತು ನೋಡಿದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ ಬಂದದ್ದು ಈ ವಿಧಾನದಿಂದಲೇ. ಭೂಖಂಡಗಳು ವರ್ಷಕ್ಕೆ ಎಷ್ಟು ಸೆಂಟಿಮೀಟರ್ ಸರಿಯುತ್ತಿವೆ, ಭೂಮಿಯ ತಿರುಗುವ ವೇಗ ಎಷ್ಟು ಬದಲಾಗುತ್ತಿದೆ ಎಂದು ಅಳೆಯುವುದೂ ಇದರಿಂದಲೇ.

ತತ್ವ ಸರಳ. ಊರಾಚೆ ಒಂದು ದೇವಸ್ಥಾನ, ಅದರ ಗಂಟೆ ದಿನವೂ ಬಾರಿಸುತ್ತದೆ. ಊರಿನ ಎರಡು ಮನೆಯವರು ಗಂಟೆ ಕೇಳಿದ ಗಳಿಗೆಯನ್ನು ತಮ್ಮ ತಮ್ಮ ಗಡಿಯಾರದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಒಂದು ಮನೆ ದೂರ ಇದ್ದರೆ ಅಲ್ಲಿಗೆ ಸದ್ದು ಸ್ವಲ್ಪ ತಡವಾಗಿ ತಲುಪುತ್ತದೆ. ಆ ತಡ ದಿನವೂ ಅಷ್ಟೇ ಇರಬೇಕು. ದಿನದಿಂದ ದಿನಕ್ಕೆ ವ್ಯತ್ಯಾಸ ಬೆಳೆಯುತ್ತಾ ಹೋದರೆ? ಮನೆ ಸರಿದಿಲ್ಲ, ಯಾವುದೋ ಒಂದು ಗಡಿಯಾರ ಮುಂದೆ ಓಡುತ್ತಿದೆ ಅಥವಾ ಹಿಂದೆ ಬೀಳುತ್ತಿದೆ ಎಂದರ್ಥ.

ಇಲ್ಲಿ ಗಂಟೆಯ ಜಾಗದಲ್ಲಿರುವುದು ಕ್ವಾಸಾರ್. ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗಳ ನಡುವೆ ಕುಳಿತ ಬೃಹತ್ ಕಪ್ಪುಕುಳಿಗಳ ಸುತ್ತಲಿಂದ ಹೊರಡುವ ರೇಡಿಯೊ ಸದ್ದು ಅದು. ಅಷ್ಟು ದೂರ ಇರುವುದರಿಂದ ಆಕಾಶದಲ್ಲಿ ಅವು ಕದಲಿದಂತೆ ಕಾಣುವುದೇ ಇಲ್ಲ. ಅವುಗಳ ಸಂಕೇತಕ್ಕೆ ಮಾಲೀಕರಿಲ್ಲ, ಚಂದಾ ಇಲ್ಲ, ಯಾವ ದೇಶದ ಸೇನೆಯೂ ಅದನ್ನು ನಿಲ್ಲಿಸಲಾರದು.

ಆದರೆ ಭೂಮಿ ತಿರುಗುತ್ತಿದೆಯಲ್ಲ, ತಡವೂ ಕ್ಷಣ ಕ್ಷಣ ಬದಲಾಗುತ್ತದಲ್ಲ? ನಿಜ. ಅದಕ್ಕಾಗಿಯೇ ಆಕಾಶದ ಬೇರೆ ಬೇರೆ ದಿಕ್ಕಿನ ಹಲವು ಕ್ವಾಸಾರ್‌ಗಳನ್ನು ಒಂದರ ನಂತರ ಒಂದು ನೋಡುತ್ತಾರೆ. ಭೂಮಿಯ ತಿರುಗುವಿಕೆ, ವಾತಾವರಣ ಇವುಗಳಿಂದ ಆಗುವ ತಡ ದಿಕ್ಕು ಮತ್ತು ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಗಡಿಯಾರದ ವ್ಯತ್ಯಾಸ ಮಾತ್ರ ಎಲ್ಲ ದಿಕ್ಕಿಗೂ ಒಂದೇ. ಸಾಕಷ್ಟು ಅವಲೋಕನ ಇದ್ದರೆ ಗಣಿತ ಇವೆರಡನ್ನೂ ಬೇರ್ಪಡಿಸುತ್ತದೆ.

ಇಷ್ಟು ದಿನ ಖಗೋಳ ವಿಜ್ಞಾನಿಗಳಿಗೆ ಗಡಿಯಾರದ ವ್ಯತ್ಯಾಸ ಎನ್ನುವುದು ಲೆಕ್ಕದಿಂದ ಕಳೆದು ಬಿಸಾಡುವ ಕಸವಾಗಿತ್ತು. ಗಡಿಯಾರ ತಜ್ಞರಿಗೆ ಬೇಕಾದದ್ದು ಆ ಕಸವೇ.

ಇಟಲಿ-ಜಪಾನ್ ಪ್ರಯೋಗದಲ್ಲಿ ನಡೆದದ್ದೇನು?

2018ರ ಅಕ್ಟೋಬರ್‌ನಿಂದ 2019ರ ಫೆಬ್ರವರಿವರೆಗೆ ಇಟಲಿ ಮತ್ತು ಜಪಾನ್ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು. ಇಟಲಿಯ ರಾಷ್ಟ್ರೀಯ ಮಾಪನ ಸಂಸ್ಥೆ ಇನ್ರಿಮ್, ಅಲ್ಲಿನ ಖಗೋಳ ಸಂಸ್ಥೆ ಇನಾಫ್, ಜಪಾನಿನ ಎನ್‌ಐಸಿಟಿ ಮತ್ತು ಅಂತಾರಾಷ್ಟ್ರೀಯ ತೂಕ-ಅಳತೆ ಬ್ಯೂರೊ ಇದರಲ್ಲಿದ್ದವು. ಫಲಿತಾಂಶ 2020ರ ಅಕ್ಟೋಬರ್‌ನಲ್ಲಿ 'ನೇಚರ್ ಫಿಸಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಒಂದು ತುದಿಯಲ್ಲಿ ಟೋಕಿಯೊ ಬಳಿಯ ಕೊಗಾನೆಯ ಸ್ಟ್ರಾನ್ಷಿಯಂ ಗಡಿಯಾರ. ಇನ್ನೊಂದು ತುದಿಯಲ್ಲಿ ಇಟಲಿಯ ಟುರಿನ್ ನಗರದ ಯಿಟರ್ಬಿಯಂ ಗಡಿಯಾರ. ಆ್ಯಂಟೆನಾ ಇದ್ದದ್ದು ಕೊಗಾನೆಯಲ್ಲೂ, ಇಟಲಿಯ ಬೊಲೋನ್ಯಾ ಬಳಿಯ ಮೆಡಿಚಿನಾದಲ್ಲೂ. ಭೂಮಿಯ ಒಳಗಿಂದ ನೇರ ಗೆರೆ ಎಳೆದರೆ ಇವುಗಳ ನಡುವಿನ ಅಂತರ ಸುಮಾರು 8,700 ಕಿ.ಮೀ. ಟುರಿನ್‌ನಿಂದ ಮೆಡಿಚಿನಾಗೆ ಗಡಿಯಾರದ ಮಿಡಿತವನ್ನು ಸುಮಾರು 550 ಕಿ.ಮೀ. ಫೈಬರ್ ಒಯ್ಯಿತು.

ಜಾಣತನ ಇದ್ದದ್ದು ಆ್ಯಂಟೆನಾ ಆಯ್ಕೆಯಲ್ಲಿ. ಎರಡೂ ಕಡೆ ಬಳಸಿದ ತಟ್ಟೆಗಳ ಅಗಲ ಕೇವಲ 2.4 ಮೀಟರ್. ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬಹುದಾದಷ್ಟು ಚಿಕ್ಕವು. ಆದರೆ ಇಷ್ಟು ಚಿಕ್ಕ ತಟ್ಟೆಗಳೆರಡನ್ನೇ ಜೋಡಿಸಿದರೆ ಕ್ವಾಸಾರ್‌ನ ಕ್ಷೀಣ ಸದ್ದು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದಕ್ಕೆ ಜಪಾನಿನ ಕಶಿಮಾದಲ್ಲಿದ್ದ 34 ಮೀಟರ್ ಅಗಲದ ದೊಡ್ಡ ತಟ್ಟೆಯನ್ನು ಮಧ್ಯಸ್ಥನನ್ನಾಗಿ ಮಾಡಿಕೊಂಡರು.

ದೊಡ್ಡ ತಟ್ಟೆಯ ಜೊತೆ ಇಟಲಿಯ ಚಿಕ್ಕದನ್ನು ಹೋಲಿಸಿದರು, ಜಪಾನಿನ ಚಿಕ್ಕದನ್ನೂ ಹೋಲಿಸಿದರು. ಆಮೇಲೆ ಒಂದರಿಂದ ಇನ್ನೊಂದನ್ನು ಕಳೆದರು. ಎರಡೂ ಲೆಕ್ಕದಲ್ಲಿ ಇದ್ದ ದೊಡ್ಡ ತಟ್ಟೆಯ ದೋಷಗಳು ಹೊಡೆದುಹೋದವು. ಬೃಹತ್ ತಟ್ಟೆ ತನ್ನದೇ ಭಾರಕ್ಕೆ ಬಾಗುತ್ತದೆ, ಕೇಬಲ್ ಬಿಸಿಲಿಗೆ ಹಿಗ್ಗುತ್ತದೆ. ಕಳೆಯುವ ಲೆಕ್ಕದಲ್ಲಿ ಇವೆಲ್ಲ ಮಾಯ. ಉಳಿದದ್ದು ಎರಡು ಚಿಕ್ಕ ತಟ್ಟೆಗಳ, ಅಂದರೆ ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ ಮಾತ್ರ.

ಎಷ್ಟು ಸೂಕ್ಷ್ಮ ಕೆಲಸ ಇದು? ಗಡಿಯಾರಗಳ ವೇಗದಲ್ಲಿ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು ವ್ಯತ್ಯಾಸ ಇದ್ದರೆ, ಒಂದಿಡೀ ದಿನದ ನಂತರ ಅವು ಸರಿದಿರುವುದು ಸುಮಾರು 9 ಪಿಕೊಸೆಕೆಂಡ್. ಅಷ್ಟರಲ್ಲಿ ಬೆಳಕು ಕ್ರಮಿಸುವುದು ಮೂರು ಮಿಲಿಮೀಟರ್‌ಗಿಂತ ಕಡಿಮೆ. ಭೂಗೋಳದ ಎರಡು ಮೂಲೆಯಲ್ಲಿ ನಿಂತು, ನಡುವೆ ಮೋಡ, ತೇವಾಂಶ, ಅಯಾನುಗೋಳ ಎಲ್ಲ ಇರುವಾಗ, ಈ ಮೂರು ಮಿಲಿಮೀಟರ್ ಹಿಡಿಯಬೇಕು.

ಫಲಿತಾಂಶ: ವಿಎಲ್‌ಬಿಐ ಸಂಪರ್ಕದ ಅನಿಶ್ಚಿತತೆ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ 0.9 ಪಾಲು. ಗಡಿಯಾರಗಳನ್ನೂ ಸೇರಿಸಿ ಇಡೀ ಹೋಲಿಕೆಯ ಅನಿಶ್ಚಿತತೆ 2.5 ಪಾಲು, ಅಂದರೆ ಸುಮಾರು 12 ಕೋಟಿ ವರ್ಷಕ್ಕೆ ಒಂದು ಸೆಕೆಂಡ್.

ಸಂಭ್ರಮಕ್ಕೆ ಮುನ್ನ ಒಂದಿಷ್ಟು ಲೆಕ್ಕ

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. ಹೊಸ ಸೆಕೆಂಡಿಗೆ ಬೇಕಾದ ನಿಖರತೆ ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ವಿಎಲ್‌ಬಿಐ ದಾರಿ ಉಪಗ್ರಹದ ದಾರಿಗೆ ಸರಿಸಮ ನಿಂತಿದೆ, ಸ್ವಲ್ಪ ಮುಂದೆಯೂ ಹೋಗಿದೆ. ಆದರೆ ಫೈಬರ್‌ನ ಹತ್ತಿರ ಬಂದಿಲ್ಲ. ದೊಡ್ಡ ಅಡ್ಡಿ ವಾತಾವರಣದ ನೀರಾವಿ. ಅದು ಗಂಟೆಗೊಂದು ರೀತಿ, ದಿಕ್ಕಿಗೊಂದು ರೀತಿ ಸಂಕೇತವನ್ನು ತಡೆಹಿಡಿಯುತ್ತದೆ. ದಾಖಲಾಗುವ ಮಾಹಿತಿಯೂ ಟೆರಾಬೈಟ್‌ಗಟ್ಟಲೆ. ಅದನ್ನು ಸಾಗಿಸಿ ಜೋಡಿಸಿದ ನಂತರವೇ ಉತ್ತರ.

ಇನ್ನೊಂದು ಪಾಠ ಪ್ರಕೃತಿಯೇ ಕಲಿಸಿತು. ಪ್ರಯೋಗ ಮುಗಿದ ಕೆಲವೇ ತಿಂಗಳಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ ಬಂದ ಚಂಡಮಾರುತಕ್ಕೆ ಕಶಿಮಾದ 34 ಮೀಟರ್ ತಟ್ಟೆ ಹಾನಿಗೊಂಡಿತು. ಮರುವರ್ಷ ಅದನ್ನು ಕಳಚಿಹಾಕಲಾಯಿತು. ದೊಡ್ಡ ತಟ್ಟೆಯೇ ಮಧ್ಯಸ್ಥನಾಗಿರುವ ವ್ಯವಸ್ಥೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಪೈಪೋಟಿಯೂ ಜೋರಾಗಿದೆ. ಚೀನಾದ ತಂಡ ಲೇಸರ್ ಬಳಸಿ ತೆರೆದ ಗಾಳಿಯಲ್ಲಿ 113 ಕಿ.ಮೀ. ದೂರಕ್ಕೆ ಗಡಿಯಾರದ ಮಿಡಿತ ಕಳಿಸಿದ್ದನ್ನು 2022ರಲ್ಲಿ ಪ್ರಕಟಿಸಿತು. ಉಪಗ್ರಹಕ್ಕೆ ಲೇಸರ್ ಜೋಡಿಸುವ ದಾರಿಯಲ್ಲಿ ಇದು ಮೆಟ್ಟಿಲು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ 'ಏಸಸ್' ಎಂಬ ಪರಮಾಣು ಗಡಿಯಾರಗಳ ಪೆಟ್ಟಿಗೆ 2025ರ ಏಪ್ರಿಲ್‌ನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿತು. ನೆಲದ ಗಡಿಯಾರಗಳನ್ನು ಆಕಾಶದಿಂದ ತಾಳೆ ನೋಡುವುದೇ ಅದರ ಮುಖ್ಯ ಕೆಲಸಗಳಲ್ಲಿ ಒಂದು.

ಆದರೂ ವಿಎಲ್‌ಬಿಐ ಏಕೆ ಬೇಕು? ಉತ್ತರ 2025ರ ಜೂನ್‌ನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿದೆ. ಆರು ದೇಶಗಳ ಹತ್ತು ಆಪ್ಟಿಕಲ್ ಗಡಿಯಾರಗಳನ್ನು ಫೈಬರ್ ಮತ್ತು ಉಪಗ್ರಹ ಎರಡರ ಮೂಲಕವೂ ಹೋಲಿಸಿ 38 ಅನುಪಾತಗಳನ್ನು ಅಳೆಯಲಾಯಿತು. ಎಲ್ಲವೂ ನಿರೀಕ್ಷೆಯಂತೆ ಹೊಂದಲಿಲ್ಲ, ಕೆಲವು ಕಡೆ ಲೆಕ್ಕ ತಪ್ಪಿತು. ಹೀಗಾದಾಗ ದೋಷ ಗಡಿಯಾರದ್ದೋ, ದಾರಿಯದ್ದೋ? ಒಂದೇ ದಾರಿ ಇದ್ದರೆ ಹೇಳುವುದು ಕಷ್ಟ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ದಾರಿಗಳಿದ್ದರೆ ತಪ್ಪು ಯಾವುದರದ್ದು ಎಂದು ಬೇಗ ಗೊತ್ತಾಗುತ್ತದೆ. ವಿಎಲ್‌ಬಿಐನ ನಿಜವಾದ ಬೆಲೆ ಇಲ್ಲಿದೆ. ಅದು ಉಳಿದ ದಾರಿಗಳನ್ನು ಓಡಿಸುವ ಪ್ರತಿಸ್ಪರ್ಧಿಯಲ್ಲ, ಸ್ವತಂತ್ರ ಸಾಕ್ಷಿ.

ಇದರಿಂದ ನಮಗೇನು?

ಕೋಟಿ ವರ್ಷಕ್ಕೆ ಒಂದು ಸೆಕೆಂಡ್ ತಪ್ಪಿದರೆ ನಮ್ಮ ಲೋಕಲ್ ಟ್ರೈನ್ ತಪ್ಪುವುದಿಲ್ಲ, ನಿಜ. ಆದರೆ ಸೂಕ್ಷ್ಮ ಗಡಿಯಾರ ಸಮಯವನ್ನಷ್ಟೇ ಅಳೆಯುವುದಿಲ್ಲ. ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ಎತ್ತರದಲ್ಲಿರುವ ಗಡಿಯಾರ ವೇಗವಾಗಿ ಓಡುತ್ತದೆ. ಜಪಾನಿನ ಹಿದೆತೊಶಿ ಕತೋರಿ ಅವರ ತಂಡ ಟೋಕಿಯೊದ ಸ್ಕೈಟ್ರೀ ಗೋಪುರದಲ್ಲಿ ಸುಮಾರು 450 ಮೀಟರ್ ಮೇಲೆ ಒಂದು, ನೆಲದಲ್ಲಿ ಒಂದು ಗಡಿಯಾರ ಇಟ್ಟು ಇದನ್ನು ಅಳೆದದ್ದು 2020ರಲ್ಲಿ ಪ್ರಕಟವಾಯಿತು. ಅತ್ಯುತ್ತಮ ಗಡಿಯಾರಕ್ಕೆ ಒಂದು ಸೆಂಟಿಮೀಟರ್ ಎತ್ತರದ ವ್ಯತ್ಯಾಸವೂ ಗೊತ್ತಾಗುತ್ತದೆ. ಅಂದರೆ ದೂರದ ಗಡಿಯಾರಗಳನ್ನು ತಾಳೆ ನೋಡಬಲ್ಲವರು ಸಮುದ್ರ ಮಟ್ಟ, ಅಂತರ್ಜಲ, ಜ್ವಾಲಾಮುಖಿಯ ಉಬ್ಬು ಇವನ್ನೆಲ್ಲ ಹೊಸ ರೀತಿಯಲ್ಲಿ ಅಳೆಯಬಲ್ಲರು.

ಇನ್ನು ಭಾರತದ ಮಾತು. ಗಡಿಯಾರಕ್ಕಾಗಿ ಪರಾವಲಂಬಿಯಾದರೆ ಏನಾಗುತ್ತದೆ ಎಂಬ ಅನುಭವ ನಮಗಿದೆ. ನಮ್ಮದೇ ಪಥದರ್ಶಕ ವ್ಯವಸ್ಥೆ ನಾವಿಕ್‌ನ ಮೊದಲ ಉಪಗ್ರಹದಲ್ಲಿದ್ದ ಮೂರೂ ಆಮದು ರುಬಿಡಿಯಂ ಗಡಿಯಾರಗಳು ಕೈಕೊಟ್ಟವು. ಬದಲಿಗೆ 2017ರಲ್ಲಿ ಹಾರಿಸಿದ ಉಪಗ್ರಹ ಶಾಖಕವಚದಿಂದ ಹೊರಬರಲೇ ಇಲ್ಲ. ದೇಶೀಯ ರುಬಿಡಿಯಂ ಗಡಿಯಾರ ಹೊತ್ತ ಎನ್‌ವಿಎಸ್-01 ಹಾರಿದ್ದು 2023ರ ಮೇನಲ್ಲಿ.

ನೆಲದ ಮೇಲೂ ಕೆಲಸ ಸಾಗಿದೆ. ಭಾರತೀಯ ಕಾಲಮಾನವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಅದನ್ನು ದೇಶಕ್ಕೆ ಹಂಚಲು ಬೆಂಗಳೂರು, ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿಗಳಲ್ಲಿ ಐದು ಕೇಂದ್ರಗಳ ಯೋಜನೆ ಇದೆ. ಬ್ಯಾಂಕ್, ದೂರಸಂಪರ್ಕ, ವಿದ್ಯುತ್ ಜಾಲಗಳು ಇದೇ ಸಮಯವನ್ನು ಬಳಸಬೇಕೆಂಬ ಕರಡು ನಿಯಮ 2025ರ ಜನವರಿಯಲ್ಲಿ ಹೊರಬಂತು. ಪುಣೆಯ ಐಯುಕಾದಲ್ಲಿ ಯಿಟರ್ಬಿಯಂ ಅಯಾನು, ಐಸರ್‌ನಲ್ಲಿ ಸ್ಟ್ರಾನ್ಷಿಯಂ ಆಧರಿಸಿ ಆಪ್ಟಿಕಲ್ ಗಡಿಯಾರ ಕಟ್ಟುವ ಕೆಲಸ ನಡೆದಿದೆ.

ಆದರೆ ಪುಣೆಯ ಗಡಿಯಾರ ಮಿಡಿದಾಗ ಅದನ್ನು ಯಾರ ಜೊತೆ, ಯಾವ ದಾರಿಯಲ್ಲಿ ತಾಳೆ ನೋಡುವುದು? ಯುರೋಪಿನ ಫೈಬರ್ ಜಾಲ ಇಲ್ಲಿಗೆ ಬರುವುದಿಲ್ಲ. ಉಪಗ್ರಹದ ದಾರಿಯೊಂದನ್ನೇ ನೆಚ್ಚಿಕೊಂಡರೆ ನಮ್ಮ ಆಪ್ಟಿಕಲ್ ಗಡಿಯಾರದ ಫಲಿತಾಂಶ ಸೀಸಿಯಂ ಮಟ್ಟದಲ್ಲೇ ನಿಂತುಬಿಡುತ್ತದೆ. ಹೊಸ ಸೆಕೆಂಡಿಗೆ ಮತ ಹಾಕುವ ಹಕ್ಕು ನಮಗಿರುತ್ತದೆ, ಮುಂದಿಡಲು ನಮ್ಮದೇ ಪುರಾವೆ ಇರುವುದಿಲ್ಲ.

ತಟ್ಟೆ ಇದೆ, ಯೋಜನೆ ಬೇಕು

ಪುಣೆಯಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ, 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ಇದೆ. ಅದನ್ನೇ ಬಳಸಬಹುದಲ್ಲ ಎನಿಸಬಹುದು. ಆದರೆ ಜಿಎಂಆರ್‌ಟಿ ಕೇಳಿಸಿಕೊಳ್ಳುವುದು ಸುಮಾರು 1.5 ಗಿಗಾಹರ್ಟ್ಸ್‌ಗಿಂತ ಕೆಳಗಿನ ಸಂಕೇತಗಳನ್ನು. ಇಟಲಿ-ಜಪಾನ್ ಪ್ರಯೋಗ ಬಳಸಿದ್ದು 3ರಿಂದ 14 ಗಿಗಾಹರ್ಟ್ಸ್. ಕೆಳಗಿನ ಕಂಪನಾಂಕಗಳನ್ನು ಅಯಾನುಗೋಳ ಹೆಚ್ಚು ಕಾಡುತ್ತದೆ.

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊದ 32 ಮೀಟರ್ ತಟ್ಟೆ ಇದೆ. ಚಂದ್ರಯಾನ, ಮಂಗಳಯಾನಗಳ ಜೊತೆ ಮಾತನಾಡಿದ ತಟ್ಟೆ ಅದು. ಗಾತ್ರ ಹೆಚ್ಚೂಕಡಿಮೆ ಕಶಿಮಾದಷ್ಟೇ. ಕೆಲಸ ಮಾಡುವುದು 2 ಮತ್ತು 8 ಗಿಗಾಹರ್ಟ್ಸ್ ಆಸುಪಾಸಿನ ಪಟ್ಟಿಗಳಲ್ಲಿ. ಅದನ್ನು ಮಧ್ಯಸ್ಥನನ್ನಾಗಿ ಮಾಡಬೇಕಾದರೆ ವಿಶಾಲ ಪಟ್ಟಿಯ ಗ್ರಾಹಕ ಬೇಕು, ಬಾಹ್ಯಾಕಾಶ ನೌಕೆಗಳ ಕೆಲಸದ ನಡುವೆ ಸಮಯವೂ ಬೇಕು. ಎರಡೂ ಸುಲಭವಲ್ಲ, ಆದರೆ ಪರಿಶೀಲಿಸಲು ಅರ್ಹ. ಪುಣೆ ಅಥವಾ ದೆಹಲಿಯಲ್ಲಿ ಗಡಿಯಾರದ ಪಕ್ಕ 2.4 ಮೀಟರ್‌ನ ಚಿಕ್ಕ ತಟ್ಟೆ ನಿಲ್ಲಿಸುವ ಖರ್ಚು ಉಪಗ್ರಹ ಹಾರಿಸುವ ಖರ್ಚಿನ ಮುಂದೆ ಏನೂ ಅಲ್ಲ.

ನಮ್ಮಲ್ಲಿ ಗಡಿಯಾರದವರು ಒಂದು ಇಲಾಖೆ, ಆಕಾಶದವರು ಇನ್ನೊಂದು, ಉಪಗ್ರಹದವರು ಮತ್ತೊಂದು. ಇಟಲಿಯಲ್ಲಿ ಮಾಪನ ಸಂಸ್ಥೆಯೂ ಖಗೋಳ ಸಂಸ್ಥೆಯೂ ಒಂದೇ ಫೈಬರಿನ ಎರಡು ತುದಿ ಹಿಡಿದದ್ದರಿಂದಲೇ ಈ ಪ್ರಯೋಗ ಸಾಧ್ಯವಾಯಿತು. 2030ಕ್ಕೆ ಉಳಿದಿರುವ ಸಮಯ ಹೆಚ್ಚಿಲ್ಲ. ವ್ಯಾಖ್ಯೆ ಬದಲಾದ ಮೇಲೂ ದೇಶದೇಶಗಳ ಗಡಿಯಾರಗಳನ್ನು ತಾಳೆ ನೋಡುವ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಅದು ನಿತ್ಯದ ಕೆಲಸವಾಗುತ್ತದೆ. ಆ ಹೊತ್ತಿಗೆ ಭಾರತದ ಗಡಿಯಾರವೂ ತಾಳೆ ನೋಡುವವರ ಸಾಲಿನಲ್ಲಿ ಇರುತ್ತದೆಯೇ ಎಂಬುದು ಈಗ ದೆಹಲಿ, ಪುಣೆ, ಬೆಂಗಳೂರಿನ ಪ್ರಯೋಗಾಲಯಗಳು ಕೂತು ಮಾತನಾಡುತ್ತವೆಯೇ ಎಂಬುದರ ಮೇಲೆ ನಿಂತಿದೆ.